‘ಡೂಯಿಂಗ್’ ಹಾಕ್ಬೇಕಾ, ‘ಹ್ಯಾವಿಂಗ್ ಡನ್’ ಹಾಕ್ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಕ್ರಿಯಾಪದದ ಬಾಲಕ್ಕೆ ಬರುವ ‘ಇಂಗ್’ ಎಲ್ಲರಿಗೂ ಗೊತ್ತು. ಕ್ರಿಯಾಪದದ ಮುಂದೆ ಒಂದು ‘ಹ್ಯಾವಿಂಗ್’ ಬಂದು ನಿಂತಾಗ ಗೊಂದಲ ಶುರು. ಕೆಲವರು ಅದನ್ನು ಮುಟ್ಟೋಕೇ ಹೋಗಲ್ಲ. ಇನ್ನು ಕೆಲವರು ಪ್ರತಿ ವಾಕ್ಯಕ್ಕೂ ಒಂದು ‘ಹ್ಯಾವಿಂಗ್’ ಹಚ್ಚಿ ಕಳಿಸುತ್ತಾರೆ. ಎರಡಕ್ಕೂ ಕಾರಣ ನಮ್ಮ ಕನ್ನಡದ ‘ಮಾಡಿ’, ‘ಹೋಗಿ’, ‘ಬಂದು’ಗಳೇ ಅನ್ನೋದು ನನ್ನ ಲೆಕ್ಕಾಚಾರ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಬಾಯಿಬಿಟ್ಟು ಓದಿಕೊಳ್ಳಿ, ಬೇಗ ಹಿಡಿತಕ್ಕೆ ಬರುತ್ತೆ.

ಈ ಎರಡು ರೂಪ ಯಾವುವು? ಮೊದಲಿಂದ ಹೇಳಿ.

‘ರೈಟ್’ ಅನ್ನೋ ಕ್ರಿಯಾಪದ ತಗೊಳ್ಳಿ. ‘ರೈಟಿಂಗ್’ ಅನ್ನೋದು ಸಿಂಪಲ್ ಇಂಗ್ ರೂಪ. ‘ಹ್ಯಾವಿಂಗ್ ರಿಟನ್’ ಅನ್ನೋದು ಪರ್ಫೆಕ್ಟ್ ಇಂಗ್ ರೂಪ. ಅಂದರೆ ‘ಹ್ಯಾವಿಂಗ್’, ಅದರ ಹಿಂದೆ ಕ್ರಿಯಾಪದದ ಮೂರನೇ ರೂಪ. ಶಾಲೆಯಲ್ಲಿ ‘ಗೋ, ವೆಂಟ್, ಗಾನ್’ ಅಂತ ಬಾಯಿಪಾಠ ಮಾಡಿಸ್ತಾರಲ್ಲ, ಅದರಲ್ಲಿ ಕೊನೆಯದು. ಪ್ಯಾಸಿವ್‌ನಲ್ಲಿ ಇವೇ ‘ಬೀಯಿಂಗ್ ರಿಟನ್’ ಮತ್ತು ‘ಹ್ಯಾವಿಂಗ್ ಬೀನ್ ರಿಟನ್’ ಆಗುತ್ತವೆ.

ಈ ರೂಪಗಳಿಗೆ ಸ್ವಂತದ ಕಾಲ ಅಂತ ಇಲ್ಲ. ಕಾಲ ಏನಿದ್ದರೂ ಮುಖ್ಯ ಕ್ರಿಯಾಪದದ್ದು. ‘ಹ್ಯಾವಿಂಗ್ ಫಿನಿಶ್ಡ್ ದಿ ವರ್ಕ್, ಶೀ ವೆಂಟ್ ಹೋಮ್’ ಅಂದರೆ ಹೋದಳು. ‘ಹ್ಯಾವಿಂಗ್ ಫಿನಿಶ್ಡ್ ದಿ ವರ್ಕ್, ಶೀ ವಿಲ್ ಗೋ ಹೋಮ್’ ಅಂದರೆ ಹೋಗುತ್ತಾಳೆ. ಎರಡನೆಯದರಲ್ಲಿ ಕೆಲಸ ಇನ್ನೂ ಮುಗಿಯದೇ ಇರಬಹುದು. ಮುಖ್ಯ ಕ್ರಿಯೆಗೆ ಮುಂಚೆ ಇದು ಮುಗಿದಿರುತ್ತೆ ಅನ್ನೋದಷ್ಟನ್ನೇ ‘ಹ್ಯಾವಿಂಗ್’ ಹೇಳೋದು.

ಜೆರಂಡ್, ಪಾರ್ಟಿಸಿಪಲ್ ಅಂತೆಲ್ಲ ಬೇರೆ ಬೇರೆ ಕಲಿಬೇಕಾ?

ಪರೀಕ್ಷೆಗೆ ಬೇಕಾಗಬಹುದು, ಬರೆಯೋಕೆ ಅಷ್ಟೇನೂ ಬೇಡ. ‘ಈಜುವುದು ಒಳ್ಳೆಯದು’ ಅನ್ನುವಾಗ ಬರುವ ‘ಸ್ವಿಮಿಂಗ್’ ನಾಮಪದದ ಕೆಲಸ ಮಾಡುತ್ತೆ, ಅದು ಜೆರಂಡ್. ‘ಈಜುತ್ತಾ ದಡ ಸೇರಿದ’ ಅನ್ನುವಾಗ ಬರೋದು ಪಾರ್ಟಿಸಿಪಲ್. ಈಗಿನ ಎಷ್ಟೋ ವ್ಯಾಕರಣ ಪುಸ್ತಕಗಳು ಎರಡನ್ನೂ ಸೇರಿಸಿ ಸುಮ್ನೆ ‘ಇಂಗ್ ರೂಪ’ ಅಂತ ಕರೆಯುತ್ತವೆ. ನಾನೂ ಹಾಗೇ ಕರೆಯುತ್ತೇನೆ.

ಕನ್ನಡದ ‘ಮಾಡಿ’ಗೆ ಸರಿಯಾದ ಇಂಗ್ಲಿಷ್ ರೂಪ ಯಾವುದು?

ಎಲ್ಲ ಗೊಂದಲದ ಬೇರು ಇಲ್ಲೇ ಇರೋದು. ‘ಮಾಡುತ್ತಾ’ಗೆ ತೊಂದರೆ ಇಲ್ಲ, ಅದು ಹೆಚ್ಚಾಗಿ ಸಿಂಪಲ್ ಇಂಗ್. ಆದರೆ ‘ಮಾಡಿ’ ಒಂದೇ ರೂಪದಲ್ಲಿ ಕನ್ನಡ ಹಲವು ಕೆಲಸ ಮುಗಿಸಿಬಿಡುತ್ತೆ. ಈ ವಾಕ್ಯಗಳನ್ನು ನೋಡಿ.

‘ಬಾಗಿಲು ತೆಗೆದು ಒಳಗೆ ಬಂದ.’ ಬಾಗಿಲು ತೆಗೆಯೋದು, ಒಳಗೆ ಕಾಲಿಡೋದು ಒಂದರ ಬೆನ್ನಿಗೆ ಒಂದು. ಎರಡರ ನಡುವೆ ಜಾಗವೇ ಇಲ್ಲ. ಇಲ್ಲಿ ಇಂಗ್ಲಿಷ್‌ಗೆ ‘ಓಪನಿಂಗ್ ದಿ ಡೋರ್, ಹೀ ಕೇಮ್ ಇನ್’ ಸಾಕು. ‘ಹ್ಯಾವಿಂಗ್ ಓಪನ್ಡ್’ ಅಂದರೆ ತಪ್ಪಲ್ಲ, ಆದರೆ ಬಾಗಿಲು ತೆಗೆಯೋದೇ ಒಂದು ದೊಡ್ಡ ಕೆಲಸವಾಗಿತ್ತೇನೋ ಅನಿಸುತ್ತೆ.

‘ಲೆಕ್ಕ ಎಲ್ಲ ಮುಗಿಸಿ ಮನೆಗೆ ಹೋದ.’ ಲೆಕ್ಕಕ್ಕೆ ಹೊತ್ತು ಹಿಡಿದಿದೆ, ಅದು ಪೂರ್ತಿ ಮುಗಿದ ಮೇಲೇ ಹೊರಟಿದ್ದು. ಇಲ್ಲಿ ‘ಹ್ಯಾವಿಂಗ್ ಫಿನಿಶ್ಡ್ ದಿ ಅಕೌಂಟ್ಸ್, ಹೀ ವೆಂಟ್ ಹೋಮ್’.

‘ಕೂತು ಓದಿದಳು.’ ಇಲ್ಲಿ ಎರಡೂ ಬೇಡ. ‘ಶೀ ಸ್ಯಾಟ್ ಆ್ಯಂಡ್ ರೆಡ್.’ ‘ಹ್ಯಾವಿಂಗ್ ಸ್ಯಾಟ್, ಶೀ ರೆಡ್’ ಅಂದರೆ ಕೇಳಿದವರು ನಗುತ್ತಾರೆ. ‘ಬಸ್ ಹತ್ತಿ ಬಂದೆ’ ಅನ್ನೋದಂತೂ ಬರೀ ‘ಐ ಕೇಮ್ ಬೈ ಬಸ್’. ‘ತಂದು ಕೊಡು’ ಅನ್ನೋದಕ್ಕೆ ‘ಬ್ರಿಂಗ್’ ಒಂದೇ ಸಾಕು.

ಈಗ ನಮ್ಮ ಮಾಮೂಲಿ ಸರಪಳಿ ವಾಕ್ಯ: ‘ಎದ್ದು, ಮುಖ ತೊಳೆದು, ಕಾಫಿ ಕುಡಿದು, ಪೇಪರ್ ಓದಿ, ಆಫೀಸಿಗೆ ಹೊರಟ.’ ಕನ್ನಡದಲ್ಲಿ ಇದು ನೀರು ಹರಿದ ಹಾಗೆ ಹೋಗುತ್ತೆ. ಇದನ್ನು ನಾಲ್ಕು ‘ಹ್ಯಾವಿಂಗ್’ ಹಾಕಿ ಇಂಗ್ಲಿಷ್ ಮಾಡಿದರೆ ಓದೋಕಾಗಲ್ಲ. ಇಂಥ ಕಡೆ ಇಂಗ್ಲಿಷ್ ಸೀದಾ ಪಾಸ್ಟ್ ಟೆನ್ಸ್ ಸಾಲು ಮಾಡುತ್ತೆ: ‘ಹೀ ಗಾಟ್ ಅಪ್, ವಾಶ್ಡ್ ಹಿಸ್ ಫೇಸ್, ಹ್ಯಾಡ್ ಕಾಫಿ, ರೆಡ್ ದಿ ಪೇಪರ್ ಆ್ಯಂಡ್ ಲೆಫ್ಟ್ ಫಾರ್ ದಿ ಆಫೀಸ್.’ ಕನ್ನಡದಲ್ಲಿ ‘ಮಾಡಿ’ ಕಂಡಾಗಲೆಲ್ಲ ‘ಹ್ಯಾವಿಂಗ್’ ನೆನಪಾಗುತ್ತಿದ್ದರೆ, ಮೊದಲು ‘ಆ್ಯಂಡ್’ ಹಾಕಿ ನೋಡಿ. ಬಹಳ ಸಲ ಅಲ್ಲೇ ಕೆಲಸ ಮುಗಿಯುತ್ತೆ.

ಎರಡರಲ್ಲಿ ಯಾವುದು ಹಾಕಿದರೂ ಅರ್ಥ ಬದಲಾಗಲ್ವಾ?

ಕೆಲವು ಕಡೆ ಬದಲಾಗಲ್ಲ, ಕೆಲವು ಕಡೆ ಪೂರ್ತಿ ಬದಲಾಗುತ್ತೆ. ‘ರೀಡಿಂಗ್ ದಿ ಲೆಟರ್, ಶೀ ಕ್ರೈಡ್’ ಅಂದರೆ ಕಾಗದ ಓದುತ್ತಾ ಓದುತ್ತಾ ಅತ್ತಳು. ‘ಹ್ಯಾವಿಂಗ್ ರೆಡ್ ದಿ ಲೆಟರ್, ಶೀ ಟೋರ್ ಇಟ್ ಅಪ್’ ಅಂದರೆ ಓದಿ ಮುಗಿಸಿ, ಆಮೇಲೆ ಹರಿದು ಹಾಕಿದಳು. ಇದನ್ನು ಅದಲು ಬದಲು ಮಾಡಿ ‘ರೀಡಿಂಗ್ ದಿ ಲೆಟರ್, ಶೀ ಟೋರ್ ಇಟ್ ಅಪ್’ ಅಂದರೆ, ಓದುತ್ತಿರುವಾಗಲೇ ಹರಿಯುತ್ತಿದ್ದಾಳೆ.

ಸ್ಕೂಟರ್ ರಿಪೇರಿ ಮಾಡಿ ಒಂದು ರೌಂಡ್ ಹೊಡೆದ ಅನ್ನಬೇಕು ಅಂದುಕೊಳ್ಳಿ. ‘ರಿಪೇರಿಂಗ್ ದಿ ಸ್ಕೂಟರ್, ಹೀ ಟುಕ್ ಇಟ್ ಫಾರ್ ಎ ರೈಡ್’ ಅಂದರೆ ಓಡಿಸುತ್ತಲೇ ರಿಪೇರಿ ಮಾಡಿದ ಹಾಗೆ! ಇಲ್ಲಿ ‘ಹ್ಯಾವಿಂಗ್ ರಿಪೇರ್ಡ್’ ಬೇಕೇ ಬೇಕು. ಮೊದಲ ಕೆಲಸಕ್ಕೆ ಹೊತ್ತು ಹಿಡಿಯುತ್ತಾ, ಅದು ಮುಗಿಯದೆ ಎರಡನೆಯದು ಶುರುವಾಗಲ್ವಾ? ಹಾಗಿದ್ದರೆ ‘ಹ್ಯಾವಿಂಗ್’ ಹಾಕಿ. ಕಣ್ಣು ಮಿಟುಕಿಸೋದರೊಳಗೆ ಆಗೋ ಕೆಲಸವಾದರೆ ಸಿಂಪಲ್ ಸಾಕು.

ಎಷ್ಟು ಸಲ, ಎಷ್ಟು ವರ್ಷ ಅಂತ ಲೆಕ್ಕ ಬಂದರೂ ‘ಹ್ಯಾವಿಂಗ್’ ಕಡೆಗೇ ವಾಲಬೇಕು. ‘ಹ್ಯಾವಿಂಗ್ ಲಿವ್ಡ್ ಇನ್ ಧಾರವಾಡ ಫಾರ್ ಟೆನ್ ಇಯರ್ಸ್, ಶೀ ನ್ಯೂ ಎವೆರಿ ಲೇನ್.’ ‘ಹ್ಯಾವಿಂಗ್ ಫೇಲ್ಡ್ ಟ್ವೈಸ್, ಹೀ ಗೇವ್ ಅಪ್.’ ಇಲ್ಲೆಲ್ಲ ಆಗಿಹೋದದ್ದರ ಫಲ ಮುಂದಿನ ಮಾತಿನಲ್ಲಿದೆ.

‘ಗೋಡೆ ಕುಸಿದು ಇಬ್ಬರಿಗೆ ಗಾಯ’ ಅನ್ನೋದನ್ನ ಹೇಗೆ ಬರೆಯೋದು?

ಈ ಪ್ರಶ್ನೆ ನನಗೆ ತುಂಬ ಇಷ್ಟ. ಇಲ್ಲಿ ಎರಡು ಭಾಷೆಗಳ ದಾರಿ ಪೂರ್ತಿ ಉಲ್ಟಾ. ಕನ್ನಡ ಮೊದಲು ನಡೆದದ್ದನ್ನು ಅರ್ಧಕ್ಕೆ ನಿಲ್ಲಿಸಿ, ‘ಕುಸಿದು’ ಅಂತ ಹೇಳಿ, ಎರಡನೆಯದರಲ್ಲಿ ವಾಕ್ಯ ಮುಗಿಸುತ್ತೆ. ಇಂಗ್ಲಿಷ್ ಪತ್ರಿಕೆಯವರು ಮೊದಲು ನಡೆದದ್ದನ್ನು ಪೂರ್ತಿ ಕ್ರಿಯಾಪದ ಮಾಡಿ, ಅದರಿಂದ ಆದದ್ದನ್ನು ‘ಇಂಗ್’ ರೂಪದಲ್ಲಿ ಬಾಲಕ್ಕೆ ಕಟ್ಟುತ್ತಾರೆ: ‘ಎ ವಾಲ್ ಕೊಲ್ಯಾಪ್ಸ್ಡ್, ಇಂಜ್ಯುರಿಂಗ್ ಟೂ ಪೀಪಲ್.’ ಅಂದರೆ ನಾವು ‘ಇಂಗ್’ ಹಾಕಬೇಕು ಅಂದುಕೊಳ್ಳುವ ಪದಕ್ಕೆ ಅವರು ಹಾಕಲ್ಲ, ಇನ್ನೊಂದಕ್ಕೆ ಹಾಕುತ್ತಾರೆ.

‘ಮಳೆ ಜೋರಾಗಿ ಸುರಿದು ರಸ್ತೆ ತುಂಬ ನೀರು ನಿಂತಿತು’ ಅನ್ನೋದೂ ಹೀಗೇ: ‘ಇಟ್ ರೇನ್ಡ್ ಹೆವಿಲಿ, ಫ್ಲಡಿಂಗ್ ದಿ ರೋಡ್ಸ್.’ ಇಲ್ಲಿ ‘ಹ್ಯಾವಿಂಗ್ ಫ್ಲಡೆಡ್’ ಅಂತ ಬರೆದರೆ ನೀರು ಮೊದಲು ನಿಂತು ಮಳೆ ಆಮೇಲೆ ಬಂದ ಹಾಗಾಗುತ್ತೆ. ಆದ ಫಲ ಹೇಳುವಾಗ ಸಿಂಪಲ್ ಇಂಗ್ ಮಾತ್ರ.

‘ಹ್ಯಾವಿಂಗ್ ವಾಕ್ಡ್ ಇನ್ ದಿ ಸನ್, ಎ ಹೆಡೇಕ್ ಕೇಮ್’ ಅಂತ ಬರೆದೆ. ಕೆಂಪು ಗೆರೆ ಯಾಕೆ ಬಿತ್ತು?

ವಾಕ್ಯ ಹೇಳೋ ಪ್ರಕಾರ ಬಿಸಿಲಲ್ಲಿ ತಿರುಗಿದ್ದು ತಲೆನೋವು. ಇಂಗ್ಲಿಷ್‌ನಲ್ಲಿ ವಾಕ್ಯದ ಶುರುವಿಗೆ ಬರುವ ‘ಇಂಗ್’ ಭಾಗ, ಕಾಮಾ ಆದ ಮೇಲೆ ಬರುವ ಕರ್ತೃವಿಗೇ ಅಂಟಿಕೊಳ್ಳುತ್ತೆ. ಅಂಟದೆ ಇದ್ದರೆ ಅದನ್ನು ಡ್ಯಾಂಗ್ಲಿಂಗ್ ಪಾರ್ಟಿಸಿಪಲ್ ಅಂತಾರೆ, ಗಾಳಿಯಲ್ಲಿ ನೇತಾಡುವ ಪದ ಅಂದ ಹಾಗೆ.

ಕನ್ನಡದಲ್ಲಿ ‘ಬಿಸಿಲಲ್ಲಿ ಓಡಾಡಿ ತಲೆನೋವು ಬಂತು’ ಅನ್ನೋದರಲ್ಲಿ ಏನೂ ತಪ್ಪಿಲ್ಲ. ಓಡಾಡಿದ್ದು ನಾನು, ಬಂದದ್ದು ತಲೆನೋವು, ಬಂದದ್ದು ನನಗೆ. ಕನ್ನಡಕ್ಕೆ ಆ ‘ನನಗೆ’ ಸಾಕು, ಬಾಯಿಬಿಟ್ಟು ಹೇಳದಿದ್ದರೂ ನಡೆಯುತ್ತೆ. ನಮಗೆ ನಿದ್ದೆ ಬರುತ್ತೆ, ಹಸಿವಾಗುತ್ತೆ, ಕೋಪ ಬರುತ್ತೆ, ಬೇಜಾರಾಗುತ್ತೆ. ಇವೆಲ್ಲ ‘ನನಗೆ’ ಆಗುವಂಥವು, ‘ನಾನು’ ಮಾಡುವಂಥವಲ್ಲ. ಇಂಗ್ಲಿಷ್‌ನಲ್ಲಿ ಈ ಜಾಗದಲ್ಲೆಲ್ಲ ‘ಐ’ ಕೂರುತ್ತೆ: ಐ ಫೆಲ್ಟ್ ಸ್ಲೀಪಿ, ಐ ವಾಸ್ ಹಂಗ್ರಿ, ಐ ಗಾಟ್ ಆ್ಯಂಗ್ರಿ. ಹಾಗಾಗಿ ‘ಹ್ಯಾವಿಂಗ್ ವಾಕ್ಡ್ ಇನ್ ದಿ ಸನ್, ಐ ಗಾಟ್ ಎ ಹೆಡೇಕ್’ ಅಂದರೆ ವಾಕ್ಯ ಸರಿಯಾಯಿತು. ಕನ್ನಡದವರು ಬರೆಯುವ ಇಂಗ್ಲಿಷ್‌ನಲ್ಲಿ ನೇತಾಡುವ ‘ಹ್ಯಾವಿಂಗ್’ ಕಂಡರೆ, ಅದರ ಹಿಂದೆ ಬಹಳ ಸಲ ಒಂದು ‘ನನಗೆ’ ಅಥವಾ ‘ಅವನಿಗೆ’ ಅಡಗಿರುತ್ತೆ. ಈ ದೃಷ್ಟಿಯಿಂದ ನೋಡಿದರೆ ತಪ್ಪು ಬೇಗ ಸಿಗುತ್ತೆ.

ಇನ್ನೊಂದು ಬಗೆ ಇದೆ. ‘ಹ್ಯಾವಿಂಗ್ ಫಿನಿಶ್ಡ್ ಅವರ್ ಮೀಲ್, ದಿ ವೇಟರ್ ಬ್ರಾಟ್ ದಿ ಬಿಲ್.’ ನಮ್ಮ ಊಟ ವೇಟರ್ ಮಾಡಿಬಿಟ್ಟ! ‘ವೆನ್ ವೀ ಹ್ಯಾಡ್ ಫಿನಿಶ್ಡ್ ಅವರ್ ಮೀಲ್’ ಅಂತ ಬಿಡಿಸಿ ಬರೆಯಿರಿ.

ಹಾಗಂತ ‘ಜನರಲಿ ಸ್ಪೀಕಿಂಗ್’, ‘ಕನ್ಸಿಡರಿಂಗ್ ಹಿಸ್ ಏಜ್’, ‘ಜಡ್ಜಿಂಗ್ ಫ್ರಮ್ ದಿ ಕ್ಲೌಡ್ಸ್’ ಇಂಥವನ್ನು ಹುಡುಕಿ ತಿದ್ದೋಕೆ ಹೋಗಬೇಡಿ. ಇವು ಯಾವ ಕರ್ತೃವಿಗೂ ಅಂಟದೆ ಸ್ವತಂತ್ರವಾಗಿ ನಿಲ್ಲೋದು ರೂಢಿಯಲ್ಲಿದೆ.

‘ಬೀಯಿಂಗ್ ಎ ಹಾಲಿಡೇ, ದಿ ಬ್ಯಾಂಕ್ ವಾಸ್ ಕ್ಲೋಸ್ಡ್’ ಸರೀನಾ?

ತಪ್ಪು ಹುಡುಕುವ ಪರೀಕ್ಷೆಗಳಲ್ಲಿ ಇದು ಹಳೇ ಗಿರಾಕಿ. ಬ್ಯಾಂಕು ರಜಾದಿನ ಅಲ್ವಲ್ಲ. ‘ಇಟ್ ಬೀಯಿಂಗ್ ಎ ಹಾಲಿಡೇ, ದಿ ಬ್ಯಾಂಕ್ ವಾಸ್ ಕ್ಲೋಸ್ಡ್’ ಆಗಬೇಕು. ಎರಡು ಭಾಗಕ್ಕೂ ಬೇರೆ ಬೇರೆ ಕರ್ತೃ ಇದ್ದಾಗ, ‘ಇಂಗ್’ ಭಾಗಕ್ಕೆ ಅದರದ್ದೇ ಕರ್ತೃವನ್ನು ಜೊತೆಗೆ ಕೊಡಬೇಕು.

‘ಮಳೆ ನಿಂತು ನಾವು ಹೊರಟೆವು’ ಅನ್ನೋದಕ್ಕೂ ಇದೇ ದಾರಿ: ‘ದಿ ರೇನ್ ಹ್ಯಾವಿಂಗ್ ಸ್ಟಾಪ್ಡ್, ವೀ ಸೆಟ್ ಔಟ್.’ ವ್ಯಾಕರಣ ಸರಿಯಾಗಿದೆ. ಆದರೆ ಯಾರ ಬಾಯಲ್ಲೂ ಇದು ಬರಲ್ಲ, ಪುಸ್ತಕದ ಭಾಷೆ. ಮಾತಿನಲ್ಲಿ ‘ವೆನ್ ದಿ ರೇನ್ ಸ್ಟಾಪ್ಡ್, ವೀ ಲೆಫ್ಟ್’ ಅನ್ನಿ, ಸಾಕು.

‘ಡಿನೈಡ್ ಟೇಕಿಂಗ್’ ಸರೀನಾ, ‘ಡಿನೈಡ್ ಹ್ಯಾವಿಂಗ್ ಟೇಕನ್’ ಸರೀನಾ?

ಎರಡೂ ಸರಿ. ‘ಡಿನೈ’, ‘ಅಡ್ಮಿಟ್’, ‘ರಿಗ್ರೆಟ್’, ‘ರಿಮೆಂಬರ್’, ‘ರಿಕಾಲ್’ ಇವುಗಳ ಅರ್ಥದಲ್ಲೇ ಹಿಂದೆ ನಡೆದದ್ದು ಅನ್ನೋದು ಸೇರಿಕೊಂಡಿದೆ. ‘ಹೀ ಡಿನೈಡ್ ಟೇಕಿಂಗ್ ದಿ ಮನಿ’ ಅಂದಾಗಲೇ ದುಡ್ಡಿನ ವಿಷಯ ಹಳೆಯದು ಅಂತ ಗೊತ್ತಾಗುತ್ತೆ. ‘ಹ್ಯಾವಿಂಗ್ ಟೇಕನ್’ ಅಂದರೆ ಸ್ವಲ್ಪ ಬಿಗಿ, ಸ್ವಲ್ಪ ಕಚೇರಿ ಗತ್ತು.

ಒಂದು ಕಡೆ ಮಾತ್ರ ಹುಷಾರು. ‘ಶೀ ಅಡ್ಮಿಟೆಡ್ ಬೀಯಿಂಗ್ ಎ ಮೆಂಬರ್’ ಅಂದರೆ ಒಪ್ಪಿಕೊಂಡ ಹೊತ್ತಿಗೂ ಸದಸ್ಯೆಯಾಗಿದ್ದಳು ಅಂತಲೇ ಜನ ಸಾಮಾನ್ಯವಾಗಿ ಓದುತ್ತಾರೆ. ‘ಅಡ್ಮಿಟೆಡ್ ಹ್ಯಾವಿಂಗ್ ಬೀನ್ ಎ ಮೆಂಬರ್’ ಅಂದರೆ ಅದಕ್ಕೂ ಮುಂಚೆ ಯಾವಾಗಲೋ ಆಗಿದ್ದಳು. ‘ಇರು’ ಅನ್ನೋ ಅರ್ಥದ ಕ್ರಿಯಾಪದಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತೆ.

‘ರಿಮೆಂಬರ್ ಟು ಲಾಕ್’ ಬೇರೆ, ‘ರಿಮೆಂಬರ್ ಲಾಕಿಂಗ್’ ಬೇರೆ. ಮೊದಲನೆಯದು ‘ಬೀಗ ಹಾಕೋದು ಮರೀಬೇಡ’. ಎರಡನೆಯದು ‘ಬೀಗ ಹಾಕಿದ ನೆನಪಿದೆ’. ಬಸ್ ಹತ್ತಿದ ಮೇಲೆ ತಲೆ ತಿನ್ನೋದು ಎರಡನೆಯದು.

‘ಆಫ್ಟರ್ ಹ್ಯಾವಿಂಗ್ ಫಿನಿಶ್ಡ್’ ಅನ್ನಬಹುದಾ?

ಅನ್ನಬಹುದು. ಆದರೆ ‘ಆಫ್ಟರ್’ ಅಂದ ಮೇಲೆ ‘ಆಮೇಲೆ’ ಅನ್ನೋದು ಬಂದೇ ಬಿಟ್ಟಿದೆ, ‘ಆಫ್ಟರ್ ಫಿನಿಶಿಂಗ್’ ಸಾಕು. ‘ಬಿಫೋರ್’ ಜೊತೆಗೂ ಸಾಮಾನ್ಯವಾಗಿ ಸಿಂಪಲ್ ರೂಪವೇ. ಸುದ್ದಿ ಕೇಳಿದ ಕೂಡಲೇ ಅನ್ನೋದಕ್ಕೆ ‘ಆನ್ ಹಿಯರಿಂಗ್ ದಿ ನ್ಯೂಸ್’.

‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ತಪ್ಪಾದರೆ, ‘ಹ್ಯಾವಿಂಗ್ ಟೂ ಬ್ರದರ್ಸ್, ಹೀ…’ ಹೇಗೆ ಸರಿ?

ಒಳ್ಳೇ ಪ್ರಶ್ನೆ. ನೋ (‘ಗೊತ್ತಿರು’ ಅನ್ನೋ ಅರ್ಥದ್ದು), ಹ್ಯಾವ್, ಬಿಲಾಂಗ್ ಇಂಥವು ಸ್ಥಿತಿ ಹೇಳುವ ಕ್ರಿಯಾಪದಗಳು. ‘ಐ ಆ್ಯಮ್ ನೋಯಿಂಗ್’ ಅನ್ನೋದು ಸ್ಟ್ಯಾಂಡರ್ಡ್ ಇಂಗ್ಲಿಷ್‌ಗೆ ಒಗ್ಗಲ್ಲ, ಯಾಕಂದ್ರೆ ‘ಆ್ಯಮ್’ ಸೇರಿದ ಮೇಲೆ ಅದು ನಡೆಯುತ್ತಿರುವ ಕೆಲಸ ಅನ್ನೋ ಅರ್ಥದ ಕಂಟಿನ್ಯುಯಸ್ ಆಗುತ್ತೆ. ‘ಆ್ಯಮ್’ ಇಲ್ಲದೆ ‘ನೋಯಿಂಗ್ ಹಿಮ್ ವೆಲ್, ಐ ಕೆಪ್ಟ್ ಕ್ವೈಟ್’ ಅಂದರೆ ಪೂರ್ತಿ ಸರಿ. ಇಲ್ಲಿ ‘ನೋಯಿಂಗ್’ ಅಂದರೆ ಗೊತ್ತಿದ್ದರಿಂದ, ಅಷ್ಟೇ. ಹಾಗೇ ‘ಹ್ಯಾವಿಂಗ್ ಟೂ ಸ್ಮಾಲ್ ಚಿಲ್ಡ್ರನ್, ಶೀ ಕುಡ್ ನಾಟ್ ಟ್ರಾವೆಲ್’ ಅನ್ನೋದೂ ಸರಿ.

ಈ ‘ಹ್ಯಾವಿಂಗ್’ ಬೇರೆ, ‘ಹ್ಯಾವಿಂಗ್ ಡನ್’ನಲ್ಲಿರೋದು ಬೇರೆ. ಇಲ್ಲಿ ‘ಇರುವುದರಿಂದ’ ಅಂತ ಅರ್ಥ. ಅಲ್ಲಿ ಅದು ಬರೀ ಸಹಾಯಕ ಪದ. ಎರಡೂ ಒಟ್ಟಿಗೆ ಬಂದರೆ ‘ಹ್ಯಾವಿಂಗ್ ಹ್ಯಾಡ್’: ‘ಹ್ಯಾವಿಂಗ್ ಹ್ಯಾಡ್ ಲಂಚ್, ವೀ ಲೆಫ್ಟ್.’ ನೋಡೋಕೆ ವಿಚಿತ್ರ, ಆದರೆ ಸರಿಯಾದ ಇಂಗ್ಲಿಷ್.

‘ಮಾಡದೆ’ ಅನ್ನೋದಕ್ಕೆ ‘ನಾಟ್ ಹ್ಯಾವಿಂಗ್ ಡನ್’ ಅನ್ನಲಾ?

ಎರಡು ದಾರಿ ಇದೆ. ‘ಊಟ ಮಾಡದೆ ಮಲಗಿದ’ ಅನ್ನೋದು ಹೇಗೆ ಮಲಗಿದ ಅಂತ ಹೇಳುತ್ತೆ. ಅದಕ್ಕೆ ‘ವಿದೌಟ್’: ‘ಹೀ ವೆಂಟ್ ಟು ಬೆಡ್ ವಿದೌಟ್ ಈಟಿಂಗ್.’ ‘ಬೆಳಗ್ಗಿಂದ ಏನೂ ತಿನ್ನದೆ ಸುಸ್ತಾಗಿದ್ದ’ ಅನ್ನೋದರಲ್ಲಿ ‘ತಿನ್ನದೆ’ ಕಾರಣ ಹೇಳುತ್ತೆ. ಅದಕ್ಕೆ ‘ನಾಟ್ ಹ್ಯಾವಿಂಗ್ ಈಟನ್ ಸಿನ್ಸ್ ಮಾರ್ನಿಂಗ್, ಹೀ ವಾಸ್ ಟಯರ್ಡ್.’

‘ನಾಟ್’ ಮುಂದೆ ಬರಬೇಕು. ‘ಹ್ಯಾವಿಂಗ್ ನಾಟ್ ರಿಸೀವ್ಡ್’ ಅಂತ ಬರೆಯುವವರೂ ಇದ್ದಾರೆ, ಆದರೆ ‘ನಾಟ್ ಹ್ಯಾವಿಂಗ್ ರಿಸೀವ್ಡ್ ಎ ರಿಪ್ಲೈ, ಐ ಆ್ಯಮ್ ರೈಟಿಂಗ್ ಅಗೇನ್’ ಅನ್ನೋದೇ ರೂಢಿ. ಉತ್ತರ ಕೊಡದ ಕಚೇರಿಗೆ ಎರಡನೇ ಪತ್ರ ಬರೆಯುವವರು ಈ ಸಾಲನ್ನು ಹಾಗೇ ಇಟ್ಟುಕೊಳ್ಳಬಹುದು.

‘ಹ್ಯಾವಿಂಗ್’ಗೆ ಒಂದು ಒಳ್ಳೇ ಉದಾಹರಣೆ ಕೊಡಿ, ನೆನಪಲ್ಲಿ ಉಳಿಯೋ ಥರದ್ದು.

ನಮ್ಮ ಸಂವಿಧಾನದ ಪೀಠಿಕೆ. ‘ವೀ, ದಿ ಪೀಪಲ್ ಆಫ್ ಇಂಡಿಯಾ, ಹ್ಯಾವಿಂಗ್ ಸಾಲೆಮ್‌ಲಿ ರಿಸಾಲ್ವ್ಡ್…’ ಅಂತ ಶುರುವಾಗುತ್ತೆ. ಇಡೀ ಪೀಠಿಕೆ ಒಂದೇ ವಾಕ್ಯ. ಕರ್ತೃ ‘ವೀ’. ಅದರ ಕ್ರಿಯಾಪದ ಎಲ್ಲಿ? ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಲ್ಲ ದಾಟಿ, 1949ರ ನವೆಂಬರ್ 26ರ ತಾರೀಖೂ ದಾಟಿದ ಮೇಲೆ ಬರುತ್ತೆ: ‘ಡೂ ಹಿಯರ್‌ಬೈ ಅಡಾಪ್ಟ್, ಎನ್ಯಾಕ್ಟ್ ಆ್ಯಂಡ್ ಗಿವ್ ಟು ಅವರ್‌ಸೆಲ್ವ್ಸ್ ದಿಸ್ ಕಾನ್‌ಸ್ಟಿಟ್ಯೂಷನ್.’

ಇಲ್ಲಿ ಸಂಕಲ್ಪ ಮೊದಲು, ಅಂಗೀಕಾರ ಆಮೇಲೆ. ಮೊದಲು ಗಟ್ಟಿ ಮನಸ್ಸು ಮಾಡಿ ಆಗಿದೆ, ಅದಾದ ಮೇಲೆ ಇಂದು ಸಂವಿಧಾನವನ್ನು ನಮಗೆ ನಾವೇ ಕೊಟ್ಟುಕೊಳ್ಳುತ್ತಿದ್ದೇವೆ. ‘ರಿಸಾಲ್ವಿಂಗ್’ ಅಂದಿದ್ದರೆ ಸಂಕಲ್ಪ ಮಾಡುತ್ತಾ ಮಾಡುತ್ತಲೇ ಅಂಗೀಕರಿಸಿದ ಹಾಗೆ ಆಗುತ್ತಿತ್ತು. ಮುಖ್ಯ ಕ್ರಿಯಾಪದ ವರ್ತಮಾನದಲ್ಲಿದೆ ಅನ್ನೋದನ್ನೂ ಗಮನಿಸಿ. ‘ಹ್ಯಾವಿಂಗ್’ ಇದ್ದರೆ ‘ಅಡಾಪ್ಟೆಡ್’ ಅಂತಲೇ ಬರಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೇ ಉತ್ತರ ಬೇಡ. ಕರ್ತೃವಿನ ವಿಷಯದಲ್ಲೂ ಅಷ್ಟೇ. ಸಂಕಲ್ಪ ಮಾಡಿದ್ದೂ ನಾವೇ, ಅಂಗೀಕರಿಸಿದ್ದೂ ನಾವೇ, ಎಲ್ಲೂ ನೇತಾಡುತ್ತಿಲ್ಲ.

‘ಹ್ಯಾವಿಂಗ್ ಬೀನ್’ ಬಂದರೆ ಏನು?

ಅದಾದ ಮೇಲೆ ಯಾವ ಪದ ಬರುತ್ತೆ ನೋಡಿ. ಮೂರನೇ ರೂಪ ಬಂದರೆ ಪ್ಯಾಸಿವ್: ‘ಹ್ಯಾವಿಂಗ್ ಬೀನ್ ಟೋಲ್ಡ್ ಟು ವೇಟ್, ವೀ ಸ್ಯಾಟ್ ಡೌನ್’, ಅಂದರೆ ‘ಕಾಯಿರಿ’ ಅಂತ ನಮಗೆ ಹೇಳಿದ್ದರು. ಹೆಸರೋ ವಿಶೇಷಣವೋ ಬಂದರೆ ‘ಆಗಿದ್ದು’: ‘ಹ್ಯಾವಿಂಗ್ ಬೀನ್ ಎ ನರ್ಸ್…’ ಇನ್ನೊಂದು ‘ಇಂಗ್’ ಬಂದರೆ ಬಹಳ ಹೊತ್ತು ನಡೆದದ್ದು: ‘ಹ್ಯಾವಿಂಗ್ ಬೀನ್ ಸ್ಟ್ಯಾಂಡಿಂಗ್ ಇನ್ ದಿ ಕ್ಯೂ ಸಿನ್ಸ್ ಸಿಕ್ಸ್, ಶೀ ವಾಸ್ ನಾಟ್ ಗೋಯಿಂಗ್ ಟು ಲೆಟ್ ಎನಿವನ್ ಕಟ್ ಇನ್.’

ಪತ್ರದಲ್ಲಿ ‘ಥ್ಯಾಂಕ್ ಯೂ ಫಾರ್ ಹ್ಯಾವಿಂಗ್ ಹೆಲ್ಪ್ಡ್’ ಬರೆಯಲಾ?

‘ಫಾರ್ ಹೆಲ್ಪಿಂಗ್ ಮೀ’ ಸಾಕು, ಅದೇ ಚೆಂದ. ‘ಸಾರಿ ಫಾರ್ ಬೀಯಿಂಗ್ ಲೇಟ್’ ಕೂಡ ಹಾಗೇ. ಆದರೆ ‘ಸಾರಿ ಫಾರ್ ಹ್ಯಾವಿಂಗ್ ಕೆಪ್ಟ್ ಯೂ ವೇಟಿಂಗ್’ ಅನ್ನೋದರಲ್ಲಿ ಸ್ವಲ್ಪ ಜಾಸ್ತಿ ಮರ್ಯಾದೆ ಇದೆ. ಪತ್ರದ ಕೊನೆಗೆ ‘ಲುಕಿಂಗ್ ಫಾರ್ವರ್ಡ್ ಟು ಮೀಟ್’ ಬೇಡ, ‘ಟು ಮೀಟಿಂಗ್’ ಆಗಬೇಕು.

ಮಾತಾಡುವಾಗ ಇದೆಲ್ಲ ಬರುತ್ತಾ?

ವಾಕ್ಯದ ಶುರುವಿಗೆ ‘ಹ್ಯಾವಿಂಗ್ ಡನ್’ ಹಾಕಿ ಮಾತಾಡುವವರು ಕಮ್ಮಿ. ಕೋರ್ಟ್ ಆದೇಶ, ವರದಿ, ಅರ್ಜಿ, ಪತ್ರಿಕೆ, ಇವು ಅದರ ಊರು. ಮಾತಿನಲ್ಲಿ ‘ಹ್ಯಾವಿಂಗ್ ಸೆಡ್ ದಟ್’ ಮಾತ್ರ ಧಾರಾಳವಾಗಿ ಕೇಳಿಸುತ್ತೆ. ಒಂದು ಮಾತು ಹೇಳಿ, ಅದಕ್ಕೆ ‘ಹಾಗಂತ…’ ಅಂತ ತಿರುವು ಕೊಡೋಕೆ ಅದನ್ನು ಬಳಸುತ್ತಾರೆ.

‘ಎರಡು ವಾಕ್ಯ ಸೇರಿಸಿ’ ಅನ್ನೋ ಲೆಕ್ಕಗಳನ್ನ ಮಾಡಿ ತೋರಿಸಿ.

‘ಐ ಸಾ ಎ ಸ್ನೇಕ್. ಐ ರ‍್ಯಾನ್.’ ಹಾವು ಕಂಡ ಕ್ಷಣವೇ ಓಟ. ‘ಸೀಯಿಂಗ್ ಎ ಸ್ನೇಕ್, ಐ ರ‍್ಯಾನ್.’

‘ಶೀ ಡಿಡ್ ನಾಟ್ ನೋ ದಿ ವೇ. ಶೀ ಆಸ್ಕ್ಡ್ ಎ ಪೊಲೀಸ್‌ಮನ್.’ ಕೇಳುವಾಗಲೂ ದಾರಿ ಗೊತ್ತಿರಲಿಲ್ಲ, ಹಾಗಾಗಿ ‘ನಾಟ್ ನೋಯಿಂಗ್ ದಿ ವೇ’. ಇಲ್ಲಿ ‘ನಾಟ್ ಹ್ಯಾವಿಂಗ್ ನೋನ್’ ಬರಲ್ಲ.

‘ಹೀ ಲಾಸ್ಟ್ ಹಿಸ್ ಟಿಕೆಟ್. ಹೀ ಬಾಟ್ ಅನದರ್.’ ಕಳೆದುಕೊಂಡದ್ದು ಆಗಿಹೋಗಿದೆ. ‘ಹ್ಯಾವಿಂಗ್ ಲಾಸ್ಟ್ ಹಿಸ್ ಟಿಕೆಟ್, ಹೀ ಬಾಟ್ ಅನದರ್.’ ‘ಲೂಸಿಂಗ್’ ಅಂದರೆ ಒಂದು ಕೈಯಲ್ಲಿ ಕಳೆಯುತ್ತಾ ಇನ್ನೊಂದು ಕೈಯಲ್ಲಿ ಕೊಳ್ಳುತ್ತಿದ್ದಾನೆ.

‘ದಿ ಸನ್ ರೋಸ್. ದಿ ಫಾಗ್ ಕ್ಲಿಯರ್ಡ್.’ ಕರ್ತೃ ಎರಡು. ‘ದಿ ಸನ್ ಹ್ಯಾವಿಂಗ್ ರಿಸನ್, ದಿ ಫಾಗ್ ಕ್ಲಿಯರ್ಡ್’ ಅಂತ ಬರೆದರೆ ಪೂರ್ತಿ ಅಂಕ ಸಿಗುತ್ತೆ. ಸ್ನೇಹಿತರಿಗೆ ಮೆಸೇಜ್ ಹಾಕುವಾಗ ಮಾತ್ರ ಹೀಗೆ ಬರೆಯಬೇಡಿ.